ಚಾಮಯ್ಯ ನೋಡಿದ್ದು

ಕೃಷ್ಣಕುಮಾರನ ಫೋನು ಬಂದಾಗ ನೀಲಾಂಬಿಕೆ ಒಲೆಯ ಮುಂದೆ ನಿಂತು ಹಾಲು ಕಾಯುವುದನ್ನು ನೋಡುತ್ತಿದ್ದಳು. ಭಾನುವಾರ ಬೆಳಿಗ್ಗೆ ಅವಳಿಗೆ ಯಾರೂ ಫೋನು ಮಾಡುವುದಿಲ್ಲ. ಕೆ.ಆರ್. ನಗರದ ಅಕ್ಕ ಪುಷ್ಪಾ ಮಾಡಿದರೂ ಸಂಜೆ, ಮನೆಯವರೆಲ್ಲ ಟೀವಿ ಮುಂದೆ ಕೂತ ಮೇಲೆ, ಊಟ ಆಯ್ತಾ, ಹುಷಾರಾಗಿದ್ದೀಯಾ ಎಂದು ಎರಡು ಮಾತು. ಆದ್ದರಿಂದ ಹೆಸರು ನೋಡಿದ ಕೂಡಲೇ ಏನೋ ಕೆಟ್ಟದ್ದೇ ಇರಬೇಕು ಅನ್ನಿಸಿತು. ಅವಳಿಂದ ಆನೆ ಸುಳಿವಿನ ಆ್ಯಪ್ ಬರೆಸಿದ್ದ ಕೃಷ್ಣಕುಮಾರ ಮಾತ್ರ ಮಾಮೂಲಿ ದನಿಯಲ್ಲೇ ಮಾತಾಡಿದ. ಹತ್ತು ದಿನದ ಹಿಂದೆ, ಗುರುವಾರ, ಅಂತರಸಂತೆ ಹತ್ತಿರದ ಊರಿನ ಚಾಮಯ್ಯ ಅನ್ನುವವರಿಗೆ ಆನೆ ಹೊಡೆದಿದೆಯಂತೆ. ಬೆಳಗಿನ ಜಾವ ಡೇರಿಗೆ ಹಾಲು ಹಾಕಲು ಹೋಗುತ್ತಿದ್ದರಂತೆ. ಪ್ರಾಣಕ್ಕೇನೂ ಆಗಿಲ್ಲ, ಮೊಣಕಾಲಿನ ಕೆಳಗೆ ಮುರಿದಿದೆ, ಎರಡು ಪಕ್ಕೆಲುಬು ಹೋಗಿವೆ. ನಾಳೆ ಮೇಲಿನವರಿಗೆ ವರದಿ ಕಳಿಸಬೇಕು, ಅದಕ್ಕೆ ಕೇಳುತ್ತಿದ್ದೇನೆ, ಆವತ್ತು ನಮ್ಮ ಆ್ಯಪ್ ಸರಿಯಾಗಿತ್ತು ತಾನೆ ಎಂದ. ಅವಳು ಸರಿಯಾಗೇ ಇತ್ತು ಎಂದಳು. ಬಾಗಿಲು ತಟ್ಟಿದರೆ ಯಾರು ಎಂದು ಕೇಳುವಷ್ಟು ಸಲೀಸಾಗಿ ಆ ಮಾತು ಬಂತು. ಅಷ್ಟರಲ್ಲಿ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು. ಫೋನಿಟ್ಟು, ಬಟ್ಟೆ ತಂದು, ಸುಟ್ಟ ಹಾಲಿನ ವಾಸನೆಯ ನಡುವೆ ಒಲೆ ಒರೆಸುತ್ತ, ನಾನು ನೋಡದೇ ಹೇಗೆ ಹೇಳಿದೆ ಎಂದುಕೊಂಡಳು.

ಹುಣಸೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆಗಳಲ್ಲಿ ಅವಳು ಆರು ವರ್ಷದಿಂದ ಒಬ್ಬಳೇ ಇದ್ದಳು. ಅದಕ್ಕೆ ಮೊದಲು ಪಿರಿಯಾಪಟ್ಟಣದ ಖಾಸಗಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಿದ್ದಳು. ಒಂದು ಜೂನ್ ತಿಂಗಳಲ್ಲಿ ಸ್ಟಾಫ್ ರೂಮಿಗೆ ಹೋದರೆ ಅವಳ ಕುರ್ಚಿಯಲ್ಲಿ ಮಾನಸ ಎಂಬ ಹೊಸ ಹುಡುಗಿ ಕೂತಿದ್ದಳು, ನೀವು ಯಾರನ್ನ ನೋಡಬೇಕಿತ್ತು ಮೇಡಂ ಎಂದು ಅವಳನ್ನೇ ಕೇಳಿದಳು. ಪಾಪ, ನೀಲಾಂಬಿಕೆಯನ್ನು ಕೆಲಸದಿಂದ ತೆಗೆದದ್ದು ಆ ಹುಡುಗಿಗೂ ಗೊತ್ತಿರಲಿಲ್ಲ. ಅಂದಿನಿಂದ ನೀಲಾಂಬಿಕೆ ಮನೆಯಲ್ಲೇ ಕೂತು, ಕೇಳಿದವರಿಗೆ ಪ್ರೋಗ್ರಾಂ ಬರೆದುಕೊಡುತ್ತಿದ್ದಳು. ಇಡೀ ದಿನ ಮನುಷ್ಯರ ದನಿ ಕೇಳದೆ, ಕೆಳಗಿನ ಗಿರಣಿಯ ಗರಗರ ಕೇಳುತ್ತ, ಎಲ್ಲೋ ದೂರದಲ್ಲಿರುವ ಯಂತ್ರಗಳಿಗೆ ಸಂದೇಶ ಕಳಿಸಿ ಉತ್ತರ ಬರುವುದನ್ನು ಕಾಯುವ ಕೆಲಸ. ಮೂವತ್ತೊಂಬತ್ತು ವಯಸ್ಸಿಗೆ ಅವಳಿಗೆ ಅದೇ ಹಿತವಾಗಿಯೂ ಇತ್ತು. ಯಂತ್ರ ಯಾಕೆ ಒಬ್ಬರೇ ಇದ್ದೀರಿ ಎಂದು ಕೇಳುವುದಿಲ್ಲ.

ಕೃಷ್ಣಕುಮಾರನ ಸಂಸ್ಥೆ ಕಾಡಂಚಿನ ಊರುಗಳಿಗೆ ಆನೆಯ ಸುಳಿವು ಕೊಡುತ್ತಿತ್ತು. ಕೆಲವು ಆನೆಗಳ ಕೊರಳಿಗೆ ಕಟ್ಟಿದ ರೇಡಿಯೋ ಪಟ್ಟಿಯಿಂದ, ಕಾವಲು ತಿರುಗುವವರು ಹೇಳಿದ್ದರಿಂದ, ಆನೆ ಎಲ್ಲಿದೆ ಎಂಬ ಮಾಹಿತಿ ದೂರದ ಒಂದು ಸರ್ವರ್‌ಗೆ ಬಂದು ಸೇರುತ್ತಿತ್ತು. ಅದನ್ನು ಊರವರ ಫೋನಿಗೆ ತಲುಪಿಸಬೇಕು. ದೊಡ್ಡ ಫೋನುಗಳಿಗಾದರೆ ಸುಲಭವಿತ್ತು. ಆ ಸರ್ವರಿನವರೇ ಮೊದಲೇ ಬರೆದಿಟ್ಟ ಸಿದ್ಧ ಪ್ರೋಗ್ರಾಮುಗಳ ಲೈಬ್ರರಿ ಇತ್ತು, ಅದನ್ನು ಎತ್ತಿ ಇಟ್ಟುಕೊಂಡರೆ ಸರ್ವರಿನೊಡನೆ ಹೇಗೆ ಮಾತಾಡಬೇಕೋ ಎಲ್ಲ ಅದೇ ನೋಡಿಕೊಳ್ಳುತ್ತಿತ್ತು. ಆದರೆ ಬೆಳಗಿನ ಜಾವ ಕೆರೆ ಏರಿಯ ಮೇಲೆ ನಡೆದು ಹೋಗುವವರ ಕೈಯಲ್ಲಿದ್ದದ್ದು ಗುಂಡಿ ಒತ್ತುವ ಅಗ್ಗದ ಫೋನು. ಅದಕ್ಕೆ ಲೈಬ್ರರಿ ಇರಲಿಲ್ಲ, ಯಾರೂ ಬರೆಯುವವರೂ ಇರಲಿಲ್ಲ. ಹಾಗಾಗಿ ನೀಲಾಂಬಿಕೆ ಎಲ್ಲವನ್ನೂ ಕೈಯಿಂದಲೇ ಬರೆದಳು: ಯಾವ ವಿಳಾಸಕ್ಕೆ ಹೋಗಬೇಕು, ಹೋದವರು ನಮ್ಮವರೇ ಎಂದು ತೋರಿಸಲು ಎಂಥ ಗುಟ್ಟಿನ ಸಹಿ ಹಾಕಬೇಕು, ಆ ಸಹಿಯ ಜೊತೆಗೆ ಈಗ ಎಷ್ಟು ಗಂಟೆ ಎಂದು ಹೇಗೆ ಬರೆಯಬೇಕು, ಬಂದ ಉತ್ತರದಿಂದ ಊರಿನ ಹೆಸರನ್ನು ಹೇಗೆ ಬಿಡಿಸಿಕೊಳ್ಳಬೇಕು. ನಾಲ್ಕು ತಿಂಗಳು ಹಿಡಿಯಿತು. ಮೊದಲ ಸಲ ಸರ್ವರ್ ಅವಳ ಸಹಿಯನ್ನು ಒಪ್ಪಿ ಉತ್ತರ ಕೊಟ್ಟ ಮಧ್ಯಾಹ್ನ ಅವಳು ಎದ್ದು ಕೋಣೆಯಲ್ಲಿ ಎರಡು ಸುತ್ತು ಹಾಕಿದ್ದಳು. ಯಾರಿಗಾದರೂ ಹೇಳಬೇಕೆನ್ನಿಸಿ, ಕೆಳಗೆ ಹೋಗಿ, ಗಿರಣಿಯ ಸ್ವಾಮಿಯ ಹತ್ತಿರ ಬೇಡದಿದ್ದರೂ ಎರಡು ಕಿಲೋ ರಾಗಿ ಹಿಟ್ಟು ತಂದಿದ್ದಳು.

ಒಲೆ ಒರೆಸಿ ಮುಗಿದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಆ ಗುರುವಾರದ ದಾಖಲೆ ತೆಗೆದಳು. ಯಾವ ಫೋನು ಎಷ್ಟು ಗಂಟೆಗೆ ಕೇಳಿತು, ಏನು ಉತ್ತರ ಹೋಯಿತು ಎಲ್ಲ ಅಲ್ಲಿ ಇರುತ್ತದೆ. ಚಾಮಯ್ಯನ ನಂಬರಿನಿಂದ ನಾಲ್ಕು ಸಾಲು. ಬೆಳಿಗ್ಗೆ ಐದು ಹನ್ನೆರಡು. ಐದು ಹದಿಮೂರು. ಐದು ಹದಿನೆಂಟು. ಐದು ಇಪ್ಪತ್ತಾರು. ನಾಲ್ಕರ ಎದುರಿಗೂ ಒಂದೇ ಉತ್ತರ: ನಿರಾಕರಿಸಲಾಗಿದೆ. ಯಾಕೆ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸರ್ವರಿಗೆ ಬಂದದ್ದು ಬೆಳಿಗ್ಗೆ ಐದು ಹನ್ನೆರಡಕ್ಕೆ, ಆದರೆ ಫೋನು ತನ್ನ ಸಹಿಯೊಳಗೆ ಬರೆದುಕೊಂಡದ್ದು ಸಂಜೆ ಐದು ಹನ್ನೆರಡು. ಫೋನಿನ ಗಡಿಯಾರ ಹನ್ನೆರಡು ಗಂಟೆ ತಪ್ಪಾಗಿತ್ತು. ಹೊತ್ತು ಹೊಂದದ ಸಹಿಯನ್ನು ಸರ್ವರ್ ಕಳ್ಳಸಹಿ ಎಂದು ತಳ್ಳಿಹಾಕುತ್ತದೆ. ಲೈಬ್ರರಿ ಇದ್ದಿದ್ದರೆ ಅದು ಹೊತ್ತನ್ನು ತಾನೇ ಸರಿಮಾಡಿಕೊಂಡು ಮತ್ತೆ ಕೇಳುತ್ತಿತ್ತು. ಹಾಗೆ ಮಾಡುತ್ತದೆಂದು ಅವಳು ಓದಿದ್ದಳು ಕೂಡ. ಓದಿ, ಆಮೇಲೆ ನೋಡೋಣ ಎಂದು ಬಿಟ್ಟಿದ್ದಳು. ಅಷ್ಟೇ ಆಗಿದ್ದರೆ ಮರೆವು ಎನ್ನಬಹುದಿತ್ತು. ಉತ್ತರ ಸಿಗದೇ ಹೋದರೆ ಚಾಮಯ್ಯನ ಪರದೆಯ ಮೇಲೆ ಏನು ಕಾಣುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಬರೆದವಳು ಅವಳೇ. ಹಸಿರು ಬಣ್ಣ. ಮೇಲೆ ದಪ್ಪ ಅಕ್ಷರದಲ್ಲಿ, ಆನೆ ಇಲ್ಲ.

ಮೊದಲು ಹಾಗಿರಲಿಲ್ಲ. ಉತ್ತರ ಬರದಿದ್ದರೆ ಕೆಂಪು ಬಣ್ಣ ಬಂದು ಏನೋ ತೊಂದರೆ ಆಗಿದೆ ಎಂದು ತೋರಿಸುವ ಹಾಗೆ ಬರೆದಿದ್ದಳು. ಹೆಗ್ಗಡದೇವನಕೋಟೆಯ ಒಂದು ಸಭಾಂಗಣದಲ್ಲಿ ಮೊದಲ ಸಲ ಎಲ್ಲರಿಗೂ ತೋರಿಸಿದ ದಿನ, ಅಧಿಕಾರಿಗಳು ಮುಂದಿನ ಸಾಲಿನಲ್ಲಿ ಬಿಸ್ಕತ್ತು ತಿನ್ನುತ್ತ ಕೂತಿದ್ದಾಗ, ಗೋಡೆಯ ಮೇಲೆ ಆಳೆತ್ತರಕ್ಕೆ ಆ ಕೆಂಪು ಪರದೆ ಬಂದು ನಿಂತುಬಿಟ್ಟಿತು. ಅವಳು ಗುಂಡಿ ಒತ್ತಿದಳು. ಮತ್ತೆ ಕೆಂಪು. ಹಿಂದಿನಿಂದ ಯಾರೋ, ಆನೆ ಇವರ ಫೋನೊಳಗೇ ನುಗ್ಗಿದೆ ಎಂದರು. ಸಭೆಯೆಲ್ಲ ನಕ್ಕಿತು. ಬಿಸ್ಕತ್ತು ತಿನ್ನುತ್ತಿದ್ದವರೂ ನಕ್ಕರು. ಹುಡುಗಿಯಾಗಿದ್ದಾಗ ಗಂಡಿನವರ ಮುಂದೆ ಹಾಡು ಹೇಳಲು ಕೂತು, ಎರಡನೇ ಸಾಲಿಗೇ ಮರೆತು, ಅಪ್ಪ ಮುಖ ತಗ್ಗಿಸಿದ್ದು ಯಾಕೋ ಆಗ ಕಣ್ಣ ಮುಂದೆ ಬಂತು. ವಾಪಸು ಬರುವಾಗ ಕೃಷ್ಣಕುಮಾರ, ಕೆಂಪು ನೋಡಿದ್ರೆ ಜನ ಗಾಬರಿ ಬೀಳ್ತಾರೆ ಮೇಡಂ, ಏನಾದ್ರೂ ಮಾಡಿ ಎಂದ. ಅವಳು ಮಾಡಿದಳು. ಉತ್ತರ ಸರಿಯಿಲ್ಲದಿದ್ದರೆ ಹತ್ತಿರದ ಆನೆಗಳ ಪಟ್ಟಿಯನ್ನು ಖಾಲಿ ಎಂದುಕೋ ಎಂದು ಒಂದೇ ಸಾಲು ಬರೆದಳು. ಪಟ್ಟಿ ಖಾಲಿಯಾದರೆ ಆನೆ ಇಲ್ಲ. ಅದಾದ ಮೇಲೆ ಯಾವ ಸಭೆಯಲ್ಲೂ ಯಾರೂ ನಗಲಿಲ್ಲ. ಕೃಷ್ಣಕುಮಾರ ಜನ ಗಾಬರಿಯಾಗುತ್ತಾರೆ ಎಂದು ಹೇಳಿದ್ದ, ನಿಜ. ಸುಳ್ಳು ಹೇಳಿಸಿ ಎಂದು ಹೇಳಿರಲಿಲ್ಲ.

ಮಧ್ಯಾಹ್ನ ಅವನ ಮೆಸೇಜು ಬಂತು. ಊರಿನವರೆಲ್ಲ ಆ ಮುದುಕ ಫೋನು ನೋಡಲೇ ಇಲ್ಲ, ನೋಡಿದೆ ಎಂದು ಸುಳ್ಳು ಹೇಳುತ್ತಿದ್ದಾನೆ ಎನ್ನುತ್ತಿದ್ದಾರೆ. ವರದಿಗೆ ನಿಮ್ಮ ಕಡೆಯಿಂದ ಒಂದು ಸಾಲು ಬೇಕು. ಅವಳು, ಆ ದಿನ ಸರ್ವರ್ ಪೂರ್ತಿ ಚಾಲನೆಯಲ್ಲಿತ್ತು ಎಂದು ಬರೆದು ಕಳಿಸಿದಳು. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಸಂಜೆ ಪುಷ್ಪಾ ಫೋನು ಮಾಡಿ ಊಟ ಆಯ್ತಾ ಎಂದಾಗ ಹೇಳಿಬಿಡಬೇಕೆನ್ನಿಸಿತು. ಆದರೆ ಎಲ್ಲಿಂದ ಶುರುಮಾಡುವುದು? ಆ ಕಡೆ ಟೀವಿಯಲ್ಲಿ ಯಾರೋ ಅಳುತ್ತಿದ್ದರು. ಆಯ್ತು ಅಕ್ಕ ಎಂದಳು. ಊಟ ಆಗಿರಲಿಲ್ಲ.

ಸೋಮವಾರ ಆ ಸಾಲನ್ನು ತಿದ್ದಿದಳು. ಉತ್ತರ ಬರದಿದ್ದರೆ ಈಗ, ಗೊತ್ತಾಗಲಿಲ್ಲ, ಹೊರಡಬೇಡಿ ಎಂದು ಬರುತ್ತದೆ. ಹನ್ನೊಂದು ನಿಮಿಷ ಹಿಡಿಯಿತು. ಇಷ್ಟೇನಾ ಎನ್ನಿಸಿ ಅದೇ ಹೆಚ್ಚು ನಾಚಿಕೆಯಾಯಿತು; ಹನ್ನೊಂದು ದಿನ ಹಿಡಿಯುವ ಕೆಲಸವಾಗಿದ್ದರೆ ಮಾಡದೇ ಬಿಟ್ಟಿದ್ದಕ್ಕೆ ಒಂದು ನೆಪವಾದರೂ ಇರುತ್ತಿತ್ತು. ಆಮೇಲೆ ಕೃಷ್ಣಕುಮಾರನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ಅವನು, ವರದಿ ಬೆಳಿಗ್ಗೆಯೇ ಹೋಯಿತು ಮೇಡಂ ಎಂದ. ಸರಿ ಮಾಡಿದ್ದೀರಲ್ಲ, ಗಡಿಯಾರ ತಪ್ಪಿಟ್ಟುಕೊಂಡದ್ದು ಅವರೇ ಅಲ್ಲವಾ, ಇನ್ನು ಅದನ್ನು ಹೊರಗೆ ಹೇಳಿ ಏನು ಪ್ರಯೋಜನ ಎಂದ. ಅವನ ದನಿಯಲ್ಲಿ ಕೆಟ್ಟತನವಿರಲಿಲ್ಲ, ಅವಳ ಮೇಲೆ ಕರುಣೆಯೇ ಇತ್ತು. ಆ ಕರುಣೆಯೊಳಗೆ ಬಚ್ಚಿಟ್ಟುಕೊಳ್ಳಲು ಜಾಗವಿದೆ ಎಂದು ಅವಳಿಗೆ ಒಂದು ಗಳಿಗೆ ಅನ್ನಿಸಿತು.

ಮಂಗಳವಾರ ಹೊರಟಳು. ಹೆಗ್ಗಡದೇವನಕೋಟೆಯ ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ಕಾರ್ಡು ನೋಡಿ, ಹೆಂಗಸರ ಉಚಿತ ಟಿಕೆಟ್ಟು ಹರಿಯುತ್ತ, ಒಬ್ಬರೇನಾ ಎಂದು ಕೇಳಿದ. ಹೌದು, ಒಬ್ಬಳೇ. ಕಿಟಕಿಯಾಚೆ ಹೊಗೆಸೊಪ್ಪಿನ ಹೊಲಗಳು, ಸೊಪ್ಪು ಬೇಯಿಸುವ ಬ್ಯಾರನ್ನುಗಳ ಎತ್ತರದ ಗೋಡೆಗಳು. ಏನು ಹೇಳುವುದು ಎಂದು ಮನಸ್ಸಿನಲ್ಲೇ ಕೂಡಿಸಿಕೊಳ್ಳುತ್ತಿದ್ದಳು. ಸಹಿ, ಸರ್ವರ್, ನಿರಾಕರಣೆ ಎಂದೆಲ್ಲ ಹೇಳಿದರೆ ಅವರಿಗೆ ಅರ್ಥವಾಗುವುದಿಲ್ಲ, ಅರ್ಥವಾಗದಿದ್ದರೆ ದೊಡ್ಡವರ ಮಾತು ಎಂದು ತಲೆಯಾಡಿಸಿಬಿಡುತ್ತಾರೆ. ಹಾಗೆ ತಪ್ಪಿಸಿಕೊಂಡು ಬರಬಹುದು ಎಂಬ ಆಸೆಯೂ ತನ್ನೊಳಗೆ ಇರುವುದು ಅವಳಿಗೆ ಗೊತ್ತಿತ್ತು. ಕೋಟೆಯಲ್ಲಿ ಇಳಿದು ಬಸ್ಸು ಬದಲಿಸುವಾಗ ಹಣ್ಣು ಕೊಂಡಳು. ಕೊಂಡ ಮೇಲೆ, ರೋಗಿಯನ್ನು ನೋಡಲು ಬರುವ ನೆಂಟರ ಹಾಗೆ ಹಣ್ಣು ಹಿಡಿದು ಹೋಗಲು ನಾನು ಯಾರು ಅನ್ನಿಸಿತು. ಅಂತರಸಂತೆಯಲ್ಲಿ ಇಳಿದು ಆಟೋ ಹತ್ತಿದಾಗ ಆ ಚೀಲ ಕೈಯಲ್ಲೇ ಇತ್ತು.

ಚಾಮಯ್ಯ ಜಗುಲಿಯ ಮೇಲೆ ಹಾಕಿದ ಹಗ್ಗದ ಮಂಚದಲ್ಲಿ ಒರಗಿದ್ದ. ಅರವತ್ತರ ಹತ್ತಿರದ ಸಣಕಲು ಮನುಷ್ಯ; ಕಾಲಿಗೆ ದಪ್ಪನೆಯ ಬಿಳಿ ಕಟ್ಟು. ಅವಳು ಫೋನಿನ ಆನೆ ಆ್ಯಪ್ ಬರೆದವಳು ಎಂದು ಹೇಳಿಕೊಂಡಾಗ ಅವನ ಕಣ್ಣಲ್ಲಿ ಮೊದಲು ಕಂಡದ್ದು ಅಂಜಿಕೆ. ಇವಳೂ ವಿಚಾರಣೆಗೇ ಬಂದಿದ್ದಾಳೆ ಎಂದುಕೊಂಡಿರಬೇಕು. ಹೆಂಡತಿ ಚಿಕ್ಕಸಿದ್ದಮ್ಮ ಚಾಪೆ ಹಾಸಿ, ನೀರು ತಂದಿಟ್ಟು, ಕಂಬಕ್ಕೆ ಒರಗಿ ನಿಂತಳು. ಕೇಳದಿದ್ದರೂ ಚಾಮಯ್ಯ ಹೇಳಲು ಶುರುಮಾಡಿದ. ಹಿಂದಿನ ದಿನ ಫೋನು ಹಾಲಿನ ಕ್ಯಾನು ತೊಳೆಯೋ ನೀರಿಗೆ ಬಿತ್ತಂತೆ. ಬ್ಯಾಟರಿ ತೆಗೆದು ಬಿಸಿಲಿಗಿಟ್ಟು ಹಾಕಿದ ಮೇಲೆ ಟೈಮು ಹೋಗಿತ್ತಂತೆ. ಗೋಡೆ ಗಡಿಯಾರ ನೋಡಿ ತಾನೇ ಟೈಮು ಕೂರಿಸಿದನಂತೆ. ಯಾರ ಸಹಾಯವೂ ಇಲ್ಲದೆ ತಾನೇ ಕೂರಿಸಿದ್ದು ಎಂಬ ಹೆಮ್ಮೆ ಈಗಲೂ ಆ ಮಾತಿನಲ್ಲಿ ಇತ್ತು. ಗೋಡೆ ಗಡಿಯಾರಕ್ಕೆ ಬೆಳಿಗ್ಗೆಯೂ ಒಂದೇ, ಸಂಜೆಯೂ ಒಂದೇ ಎಂಬುದು ನೀಲಾಂಬಿಕೆಗೆ ಆಗ ಹೊಳೆಯಿತು.

"ನಾನು ನೋಡ್ದೆ ಕಣ್ರವ್ವ," ಎಂದ. "ಕೊಟ್ಟಿಗೇಲಿ ಎಲ್ಡು ಕಿತ ನೋಡ್ದೆ, ದಾರೀಲೊಂದು ಕಿತ ನೋಡ್ದೆ. ಕೆರೆ ಏರಿ ಅತ್ರ ನಾಯಿ ಬೊಗಳ್ತಿತ್ತು ಅಂತ ಇನ್ನೊಂದು ಕಿತ ನೋಡ್ದೆ. ಅಸ್ರು ಇತ್ತು."

"ಅದ್ನೇ ಯೋಳ್ತಾರೆ ಬೆಳುಗಿಂದ ಬೈಗ್ಗಂಟ," ಎಂದು ಚಿಕ್ಕಸಿದ್ದಮ್ಮ ಮೆಲ್ಲನೆ ಹೇಳಿದಳು. "ನೋಡಿದ್ರೆ ಯಾಕೋಯ್ತಿದ್ರು? ಕಣ್ಣು ಸರ್ಯಾಗಿ ಕಾಣಕ್ಕಿಲ್ಲ. ಒಪ್ಕಳಕ್ಕೆ ಮಾನ. ಈ ವಯಸ್ನಲ್ಲಿ ಸುಳ್ಯಾಕೆ ಯೋಳ್ಬೇಕು ಅಂತೀನಿ."

ಚಾಮಯ್ಯ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಹತ್ತು ಹನ್ನೆರಡು ದಿನದಿಂದ ಎಲ್ಲರಿಗೂ ಅದನ್ನೇ ಹೇಳಿ, ಯಾರೂ ನಂಬದೆ, ಈಗ ಹೇಳುವುದನ್ನೂ ಬಿಡಲಾರದ ದಣಿವು ಆ ಕತ್ತಿನ ನರಗಳಲ್ಲಿ ಕಾಣುತ್ತಿತ್ತು. ಬಸ್ಸಿನಲ್ಲಿ ಕೂಡಿಸಿಕೊಂಡ ಮಾತೆಲ್ಲ ನೀಲಾಂಬಿಕೆಗೆ ಮರೆತು ಹೋಯಿತು.

"ನೀವು ನೋಡಿದ್ರಿ," ಎಂದಳು. "ನಾಲ್ಕು ಸಲ ನೋಡಿದ್ರಿ. ಐದು ಹನ್ನೆರಡಕ್ಕೆ, ಹದಿಮೂರಕ್ಕೆ, ಹದಿನೆಂಟಕ್ಕೆ, ಇಪ್ಪತ್ತಾರಕ್ಕೆ. ನನ್ನ ಹತ್ರ ಬರೆದಿದೆ. ನಾಲ್ಕು ಸಲಾನೂ ನಿಮ್ಮ ಫೋನಿಗೆ ಉತ್ತರ ಸಿಕ್ಕಿರಲಿಲ್ಲ. ಉತ್ತರ ಸಿಗದೇ ಇದ್ರೂ ಆನೆ ಇಲ್ಲ ಅಂತ ತೋರಿಸೋ ಹಾಗೆ ಬರೆದವಳು ನಾನು. ತಪ್ಪು ನಂದು."

ಚಾಮಯ್ಯ ನಿಧಾನಕ್ಕೆ ಅವಳ ಕಡೆ ತಿರುಗಿದ. ತನ್ನ ಕಾಲಿನ ಬಗ್ಗೆ ಕೇಳುತ್ತಾನೆ, ಬೈಯುತ್ತಾನೆ ಎಂದು ಅವಳು ಕಾದಳು. ಬೈಸಿಕೊಳ್ಳುವುದಕ್ಕೆ ಅವಳ ಮೈ ಸಿದ್ಧವಾಗಿತ್ತು.

"ವಸಿ ಜೋರಾಗಿ ಯೋಳಿ," ಎಂದ. "ಡೇರಿ ಅತ್ರ ಬಂದು ಯೋಳ್ತೀರಾ?"

ಸಂಜೆ ಐದೂವರೆಗೆ ಡೇರಿಯ ಮುಂದೆ ಕ್ಯಾನು ಹಿಡಿದು ಇಪ್ಪತ್ತು ಮೂವತ್ತು ಜನ ಸಾಲು ನಿಂತಿದ್ದರು. ಕಾರ್ಯದರ್ಶಿ ಕಂಠಪ್ಪ ಹಾಲು ಅಳೆಯುವುದನ್ನು ನಿಲ್ಲಿಸದೆಯೇ ಹೇಳಿ ಮೇಡಂ ಎಂದ. ಅವಳು ನಿಂತು ಹೇಳಿದಳು. ಎರಡನೆಯ ವಾಕ್ಯಕ್ಕೆ ಕಂಠಪ್ಪನ ಕೈ ನಿಂತಿತು. ಚಾಮಯ್ಯ ನಾಲ್ಕು ಸಲ ನೋಡಿದ್ದರು, ಅವರು ಹೇಳಿದ್ದು ನಿಜ, ಸುಳ್ಳು ಹೇಳಿದ್ದು ನನ್ನ ಆ್ಯಪ್ ಎಂದು ಮುಗಿಸಿದಾಗ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಸಾಲಿನ ಕೊನೆಯಿಂದ ದೇವಯ್ಯ ಎಂಬ ಮುದುಕ ಕ್ಯಾನು ಕೆಳಗಿಟ್ಟು ಮುಂದೆ ಬಂದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕೆಂಬ ಆಸೆ ಮಾತ್ರ ಇತ್ತು.

"ಅಂಗಾರೆ ಇಷ್ಟು ದಿನ ಆನೆ ಇಲ್ಲ ಅಂತ ತೋರುಸ್ತಿದ್ದದ್ದು, ಇಲ್ದೆ ಇದ್ದುದ್ಕೋ, ಗೊತ್ತಿಲ್ದೆ ಇದ್ದುದ್ಕೋ?"

ಆ್ಯಪ್ ಊರಿಗೆ ಬಂದ ಎಂಟು ತಿಂಗಳ ಬೆಳಗಿನ ಜಾವಗಳು ಅವಳ ಕಣ್ಣ ಮುಂದೆ ಬಂದವು. ಇವರೆಲ್ಲ ಹಸಿರು ನೋಡಿಕೊಂಡು ಏರಿಯ ಮೇಲೆ ನಡೆದು ಬಂದ ಬೆಳಗುಗಳು. ದಾಖಲೆಯಲ್ಲಿ ಎಣಿಸಿದರೆ ಎಷ್ಟು ಸಲ ಎಂದು ಗೊತ್ತಾಗುತ್ತಿತ್ತು. ಮೂರು ದಿನದಿಂದ ಅವಳು ಅದನ್ನು ತೆರೆದು, ಎಣಿಸಲಾರದೆ, ಮುಚ್ಚುತ್ತಿದ್ದಳು.

"ಎರಡೂ," ಎಂದಳು. "ಯಾವಾಗ ಯಾವುದು ಅಂತ ನಾನು ನೋಡಿಲ್ಲ. ನೋಡೋಕೆ ಧೈರ್ಯ ಆಗಿಲ್ಲ."

ದೇವಯ್ಯ ತಲೆಯಾಡಿಸಿ ವಾಪಸು ಹೋಗಿ ಕ್ಯಾನು ಎತ್ತಿಕೊಂಡ. ಸಾಲು ಮತ್ತೆ ಮುಂದಕ್ಕೆ ಸರಿಯಿತು. ಒಬ್ಬ ಹೆಂಗಸು ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ತೆಗೆದು, ಅದನ್ನೊಮ್ಮೆ ನೋಡಿ, ಮತ್ತೆ ಸಿಕ್ಕಿಸಿಕೊಂಡಳು. ಕಂಠಪ್ಪ ಮುಂದಿನವರ ಹಾಲು ಅಳೆದ. ಅವಳು ಇನ್ನೂ ಅಲ್ಲೇ ನಿಂತಿರುವುದು ಯಾರಿಗೂ ಬೇಕಿರಲಿಲ್ಲ. ಹೋಗು ಎಂದು ಹೇಳುವಷ್ಟು ಒರಟರೂ ಅಲ್ಲ ಅವರು.

ವಾಪಸು ಬಂದಾಗ ಚಾಮಯ್ಯ ಮಂಚದಲ್ಲಿ ಮೊಣಕೈ ಊರಿ ಎದ್ದು ಕೂತಿದ್ದ. ಯಾರ್ಯಾರು ಇದ್ದರು ಎಂದು ಒಬ್ಬೊಬ್ಬರ ಹೆಸರು ಹಿಡಿದು ಕೇಳಿದ. ಅವಳಿಗೆ ಹೆಸರು ಗೊತ್ತಿರಲಿಲ್ಲ. ಟವಲ್ಲು ಸುತ್ತಿದವರು, ಕನ್ನಡಕದವರು ಎಂದು ಗುರುತು ಹೇಳಿದಳು, ಅವನು ಹೆಸರು ಹೇಳುತ್ತ ಹೋದ. ಕೊನೆಗೆ, ನಂಬಿದರಾ ಎಂದ. ನಂಬಿದರು ಎಂದಳು. ಸರಿ ಬುಡಿ ಎಂದು ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದ. ಪರವಾಗಿಲ್ಲ ಎಂದು ಅವನು ಹೇಳಲಿಲ್ಲ. ಹೇಳಲಿ ಎಂದು ತಾನು ಒಂದು ನಿಮಿಷ ಹೆಚ್ಚಿಗೆ ಕೂತದ್ದು ಅವಳಿಗೆ ತಿಳಿಯಿತು, ತಿಳಿದು ಎದ್ದಳು.

ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ಕತ್ತಲಾಗುವ ಮೊದಲು ರಸ್ತೆಗೆ ಬಿಟ್ಟು ಬರುತ್ತೇನೆಂದು ಚಿಕ್ಕಸಿದ್ದಮ್ಮ ಜೊತೆಗೆ ಬಂದಳು. ನೀಲಾಂಬಿಕೆ ಡೇರಿಗೆ ಹೋಗಿ ಬಂದಾಗಿನಿಂದ ಅವಳು ಒಂದು ಮಾತೂ ಆಡಿರಲಿಲ್ಲ. ಬೇಲಿಯ ಪಕ್ಕದ ಹಾದಿಯಲ್ಲಿ ಒಬ್ಬರ ಹಿಂದೊಬ್ಬರು ನಡೆದರು. ಕಾಡಿನ ಕಡೆಯಿಂದ ನವಿಲು ಕೂಗಿತು, ಮತ್ತೆ ಏನೂ ಇಲ್ಲ. ತನ್ನ ಬೆನ್ನ ಹಿಂದೆ ಬರುತ್ತಿರುವ ಈ ಹೆಂಗಸಿನ ಸಿಟ್ಟು ಯಾವ ಗಳಿಗೆಯಲ್ಲಾದರೂ ಒಡೆಯಬಹುದು ಎಂದು ನೀಲಾಂಬಿಕೆ ಹೆಜ್ಜೆ ಎಣಿಸುತ್ತಿದ್ದಳು. ಡಾಂಬರು ರಸ್ತೆಗೆ ಬಂದು, ತಂಗುದಾಣದ ಸಿಮೆಂಟು ಕಟ್ಟೆಯ ಪಕ್ಕ ನಿಂತ ಮೇಲೆ ಚಿಕ್ಕಸಿದ್ದಮ್ಮ ಬಾಯಿ ತೆರೆದಳು. ಅವಳ ದನಿ ಸಿಟ್ಟಿನದಾಗಿರಲಿಲ್ಲ.

"ಮೂವತ್ನಾಕು ವರ್ಸ ಆಯ್ತು ಕಣವ್ವ ಮದ್ವೆಯಾಗಿ. ಒಂದಿನ ನನ್ತಾವ ಸುಳ್ಳೇಳ್ದೋರಲ್ಲ. ಆಸ್ಪತ್ರೇಲಿ ಡಾಕುಟ್ರ ಮುಂದೆ, ನರ್ಸಮ್ಮನ ಮುಂದೆ, ಇವ್ರು ಸುಳ್ಳೇಳ್ತಾವ್ರೆ ಅಂದ್ಬುಟ್ಟೆ. ಆ ನೋವ್ನಲ್ಲೂ ನನ್ ಮಕ ನೋಡುದ್ರು. ನೀವಾದ್ರೆ ಬಂದು ಯೋಳ್ಬುಟ್ರಿ, ಓಯ್ತೀರ. ನಾನೀಗ ಒಳಿಕೋಗಿ ಏನಂತ ಯೋಳ್ಲಿ?"

ಬಂದದ್ದು ತನ್ನ ಹೊರೆ ಇಳಿಸಲಿಕ್ಕೆ; ಇಳಿಸಿದ್ದನ್ನು ಎತ್ತಿಕೊಂಡು ಈ ಹೆಂಗಸು ಇಲ್ಲಿ ನಿಂತಿದ್ದಾಳೆ ಎಂದು ನೀಲಾಂಬಿಕೆಗೆ ಅನ್ನಿಸಿತು. ಅವಳ ಕೈ ಹಿಡಿದುಕೊಳ್ಳಬೇಕೆನ್ನಿಸಿ ಕೈ ಚಾಚಿದಳು. ಬೇರೆಯವರ ಕೈ ಹಿಡಿದು ಎಷ್ಟು ಕಾಲವಾಗಿತ್ತೋ, ಹಿಡಿಯುವುದೂ ಸರಿಯಾಗಿ ಬರಲಿಲ್ಲ. ಬೆರಳು ಮಾತ್ರ ಸಿಕ್ಕವು, ಒರಟಾಗಿ, ಸಗಣಿಯ ವಾಸನೆಯೊಡನೆ. ಚಿಕ್ಕಸಿದ್ದಮ್ಮ ಬಿಡಿಸಿಕೊಳ್ಳಲಿಲ್ಲ. ಹಾಗೆ ನಿಂತಿರುವಾಗಲೇ ತಿರುವಿನಲ್ಲಿ ಬಸ್ಸಿನ ದೀಪ ಕಾಣಿಸಿತು. ಚಿಕ್ಕಸಿದ್ದಮ್ಮ ರಸ್ತೆಗೆ ಇಳಿದು ಕೈ ಅಡ್ಡ ಹಿಡಿದು ನಿಲ್ಲಿಸಿದಳು.

ಕತ್ತಲಾಗುತ್ತೆ, ಬೇಗ ಹೋಗಿ ಎಂದು ನೀಲಾಂಬಿಕೆ ಮೆಟ್ಟಿಲ ಮೇಲಿಂದ ಹೇಳಿದಳು. ಬಸ್ಸಿನಲ್ಲಿ ಜನ ಇರಲಿಲ್ಲ. ಹಿಂದಿನ ಸೀಟಿಗೆ ಹೋಗಿ ಗಾಜಿಗೆ ಮುಖ ಹಚ್ಚಿ ನೋಡಿದಳು. ಚಿಕ್ಕಸಿದ್ದಮ್ಮ ರಸ್ತೆಯ ಅಂಚಿನಲ್ಲಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ಊರಿಗೆ ಬೆನ್ನು ಮಾಡಿ ನಿಂತೇ ಇದ್ದಳು. ಬಸ್ಸು ಮರಗಳ ಹಿಂದೆ ತಿರುಗಿ ಏನೂ ಕಾಣದಾಗುವವರೆಗೂ ಅವಳು ಮನೆಯ ಕಡೆ ಒಂದು ಹೆಜ್ಜೆಯನ್ನೂ ಇಡಲಿಲ್ಲ.